ಕಬ್ಬಿಣಕ್ಕೂ ತಾಮ್ರಕ್ಕೂ ನಡುವೆ

ಅಂಕಿ ಅರವತ್ತೆಂಟಕ್ಕೆ ಬಂದಾಗ ನಾಸಿರ ಉಸಿರು ಬಿಗಿಹಿಡಿದ. ಮಗಳು ಉಜ್ಮಾಳ ಕುರ್ಚಿಯ ಹಿಂದೆ ನಿಂತು, ಪರದೆಯ ಮೂಲೆಯಲ್ಲಿ ಒಂದೊಂದಾಗಿ ಏರುತ್ತಿದ್ದ ಆ ಅಂಕಿಯನ್ನು ಬಿಟ್ಟು ಬೇರೇನನ್ನೂ ನೋಡದವನಿಗೆ, ತಾನು ಮಿಸುಕಿದರೆ ಅದು ಕೆಟ್ಟೀತು ಎಂಬ ಹುಚ್ಚು ಭಯ. ಪರದೆಯಲ್ಲಿ ಯಾರದೋ ಎರಡಂತಸ್ತಿನ ಮನೆ ಚೌಕ ಚೌಕವಾಗಿ ಮೂಡುತ್ತಿತ್ತು. ಇನ್ನೂ ಪಾಯ ತೋಡದ ಮನೆ, ಆದರೂ ಗೇಟಿನ ಮುಂದೆ ಆಗಲೇ ಬಿಳಿ ಕಾರು ನಿಂತಿತ್ತು, ಬಾಲ್ಕನಿಯ ಗಾಜಿನಲ್ಲಿ ಮೋಡ ಬಿದ್ದಿತ್ತು. ಅರವತ್ತೊಂಬತ್ತು. ಎಪ್ಪತ್ತು. ಇನ್ನೇನು ಮುಗಿದೇಹೋಯಿತು, ನೋಡು, ನನ್ನ ಕೈಯಲ್ಲಿ ತಪ್ಪಿಲ್ಲ ಎಂದು ಅವನ ಒಳಗೆ ಯಾರೋ ಯಾರಿಗೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪರದೆ ಕಪ್ಪಾಯಿತು. ಮೇಜಿನ ಕೆಳಗಿನ ಕಂಪ್ಯೂಟರ್ ಡಬ್ಬಿಯ ಫ್ಯಾನುಗಳು ಗಕ್ಕನೆ ನಿಂತವು. ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಲೇ ಇತ್ತು. ಕರೆಂಟು ಹೋಯಿತು ಎಂದು ಹೇಳಿಕೊಳ್ಳಲಿಕ್ಕೂ ದಾರಿಯಿಲ್ಲ. ಉಜ್ಮಾ ತಿರುಗಿ ನೋಡಲಿಲ್ಲ. ಮೌಸಿನ ಮೇಲಿನ ಕೈ ಹಾಗೆಯೇ ಇತ್ತು. ಅವಳು ತಿರುಗಿ ಒಂದು ಕೆಟ್ಟ ಮಾತಾಡಿದ್ದರೂ ಅವನಿಗೆ ಹಗುರಾಗುತ್ತಿತ್ತು.

ಸಿವಿಲ್ ಡಿಪ್ಲೊಮಾ ಮುಗಿಸಿದ ಹುಡುಗಿ ಮನೆಯಲ್ಲೇ ಕೂತು, ಕಟ್ಟಬೇಕಾದ ಮನೆಗಳ ಚಿತ್ರ ಮಾಡುವ ಕೆಲಸ ಹಿಡಿದಿದ್ದಳು. ಬರಿಯ ಗೆರೆಗಳ ನಕ್ಷೆ ಬಂದರೆ ಅದನ್ನು ಬಣ್ಣ, ಬೆಳಕು, ನೆರಳು ಸಮೇತ ನಿಜವಾದ ಮನೆಯ ಹಾಗೆ ಮಾಡಿ ತೋರಿಸಬೇಕು. ಅದಕ್ಕೆ ಕಂಪ್ಯೂಟರ್ ಎರಡು ಮೂರು ತಾಸು ಬಿಡುವಿಲ್ಲದೆ ದುಡಿಯಬೇಕು. ಬೆಳಗಾವಿಯ ಇಂಜಿನಿಯರೊಬ್ಬರು ಎರಡು ಸಲ ತಡವಾದದ್ದನ್ನು ಹೇಗೋ ಸಹಿಸಿಕೊಂಡಿದ್ದರು. ಈ ಸಲ ನಾಳೆ ಶುಕ್ರವಾರ ಹತ್ತಕ್ಕೆ ಚಿತ್ರ ಬರದಿದ್ದರೆ ಕೆಲಸ ಬೇರೆಯವರಿಗೆ ಎಂದು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದರು. ಸಿಟ್ಟಿಲ್ಲದೆ ಹೇಳಿದ್ದರು, ಅದಕ್ಕೇ ಹೆದರಿಕೆ. ಆದರೆ ನಾಸಿರ ಹೀಗೆ ಹೆದರಿದ್ದುದು, ಅಲ್ಲಾಹನೇ ಬಲ್ಲ, ಮಗಳ ಕೆಲಸ ಒಂದಕ್ಕೇ ಅಲ್ಲ. ಈ ಕಂಪ್ಯೂಟರನ್ನು ಸಾಮಾನು ಸಾಮಾನಾಗಿ ಜೋಡಿಸಿ ಕಟ್ಟಿದವನು ಅವನು. ತಪ್ಪು ಕರೆಂಟಿನದಾಗಲಿ, ಕಂಪನಿಯದಾಗಲಿ, ಮಾರಿದವನದಾಗಲಿ, ಬೇಕಾದರೆ ಮಗಳದೇ ಆಗಲಿ, ತನ್ನ ಕೈಯದು ಮಾತ್ರ ಆಗಬಾರದು. ಈ ನಾಲ್ಕು ತಿಂಗಳು ಅವನು ಬೇಡಿಕೊಂಡದ್ದೆಲ್ಲ ಇಷ್ಟೇ.

ಬೈಲಹೊಂಗಲದಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಸಂಜು, ಮೂವತ್ತು ತುಂಬದವನು, ಜೋಡಿಸಿಯೇ ಕೊಡುತ್ತೇನೆ ಎಂದಿದ್ದ. ನಾಸಿರ ನಕ್ಕುಬಿಟ್ಟಿದ್ದ. ಸವದತ್ತಿಯಲ್ಲಿ ಇಪ್ಪತ್ತಾರು ವರ್ಷ ಪಂಪ್‌ಸೆಟ್ ಮೋಟರು ಬಿಚ್ಚಿ, ಸುಟ್ಟ ತಂತಿ ಕಿತ್ತು, ಹೊಸ ತಾಮ್ರ ಸುತ್ತಿದ ಕೈಗೆ ನಾಲ್ಕು ಸ್ಕ್ರೂ ಬಿಗಿಯುವುದು ಯಾವ ಮಹಾ. ಮಾರ್ಚಿನಲ್ಲಿ ಇದೇ ಕೋಣೆಯಲ್ಲಿ ಚಾದರ ಹಾಸಿಕೊಂಡು ಕೂತು, ಉಜ್ಮಾ ಫೋನಿನಲ್ಲಿ ವಿಡಿಯೊ ಹಚ್ಚಿ ಹೇಳುತ್ತಿದ್ದರೆ ಅರ್ಧ ಕೇಳಿ ಅರ್ಧ ಬಿಟ್ಟು ಜೋಡಿಸಿದ್ದ. ಮೊದಲ ಸಲಕ್ಕೇ ಚಾಲೂ ಆಯಿತು. ಹೆಂಡತಿ ತಬಸ್ಸುಮ್ ಶಿರಾ ಮಾಡಿ ಓಣಿಗೆಲ್ಲ ಹಂಚಿದಳು. ಹದಿನೈದು ದಿನಕ್ಕೆ ಮೊದಲ ದೊಡ್ಡ ಕೆಲಸ ಬಂತು, ಅವತ್ತೇ ಆರಿತು. ಮೊದಲು ಅವನು ಊರಿನ ಕರೆಂಟನ್ನು ಬೈದ, ಸ್ಟೆಬಿಲೈಜರ್ ತಂದ; ಆರಿತು. ಮೆಮರಿಯ ಪಟ್ಟಿ ಕಿತ್ತು ಕೈಚೀಲದಲ್ಲಿ ಹಾಕಿಕೊಂಡು ಬೈಲಹೊಂಗಲಕ್ಕೆ ಹೋದ, ಸಂಜು ತಕರಾರಿಲ್ಲದೆ ಬದಲಿಸಿದ, ಆರಿತು. ಕರೆಂಟು ಹಂಚುವ ಪೆಟ್ಟಿಗೆ ಒಯ್ದ, ಅದನ್ನೂ ಬದಲಿಸಿದ, ಆರಿತು. ಇಡೀ ಡಬ್ಬಿ ತನ್ನಿ, ಒಮ್ಮೆ ನೋಡುತ್ತೇನೆ ಎಂದು ಪ್ರತಿ ಸಲವೂ ಸಂಜು ಮೆತ್ತಗೆ ಅನ್ನುತ್ತಿದ್ದ, ಆ ಮೆತ್ತಗಿನ ಮಾತಿಗೇ ನಾಸಿರನ ಮೈ ಉರಿಯುತ್ತಿತ್ತು. ಎರಡು ವಾರದ ಹಿಂದೆ, ಅಂಗಡಿಯಲ್ಲಿ ಐದಾರು ಗಿರಾಕಿಗಳು ನಿಂತಿರುವಾಗ, ಹಳೇ ಸಾಮಾನು ಹೊಸ ಡಬ್ಬಿಯಲ್ಲಿ ಹಾಕಿ ಮಾರುತ್ತೀ, ಕಳ್ಳ ನೀನು ಎಂದು ಅಂದೇಬಿಟ್ಟ. ಸಂಜು ಕೌಂಟರಿನ ಮೇಲಿದ್ದ ಸ್ಕ್ರೂಡ್ರೈವರನ್ನು ಎತ್ತಿ ಡ್ರಾವರಿನಲ್ಲಿಟ್ಟ. ಸವದತ್ತಿಗೆ ಬಂದು ನಾಸಿರ ಓಣಿಯಲ್ಲೂ ಅದನ್ನೇ ಹೇಳಿಕೊಂಡು ತಿರುಗಿದ.

ನಡುವೆ ಒಂದು ದಿನ ಉಜ್ಮಾ ಪರದೆಯಲ್ಲಿ ಕೆಂಪಗೆ ಮಿನುಗುವ ಒಂದು ಅಂಕಿ ತೋರಿಸಿದ್ದಳು. ಪ್ರೊಸೆಸರು ತೊಂಬತ್ತೆಂಟು ಡಿಗ್ರಿ ಕಾಯುತ್ತಿದೆ, ಅದು ಮಿತಿ ಮೀರಿದರೆ ತಾನಾಗಿಯೇ ಬಂದ್ ಆಗುತ್ತದಂತೆ, ಅದಕ್ಕೇ ಇರಬೇಕು ಎಂದಳು. ನಾಸಿರ ಡಬ್ಬಿಯ ಬಾಗಿಲು ತೆಗೆದು, ಪ್ರೊಸೆಸರಿನ ಬಿಸಿ ಹೀರಲಿಕ್ಕೆಂದು ಅದರ ಮೇಲೆ ತಾನೇ ಕೂರಿಸಿದ್ದ ಕೂಲರಿನ ಲೋಹದ ಪದರುಗಳಿಗೆ ಅಂಗೈಯ ಹಿಂಬದಿ ತಾಗಿಸಿ ನೋಡಿದ. ಮೋಟರು ಕಾದಿದೆಯೋ ಇಲ್ಲವೋ ನೋಡುವುದು ಹೀಗೆಯೇ. ಅಂಗೈ ಇಟ್ಟರೆ ಕರೆಂಟು ಹಿಡಿದುಕೊಂಡೀತು, ಹಿಂಬದಿ ತಾಗಿಸಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಪದರುಗಳು ತಣ್ಣಗಿದ್ದವು.

"ನಿನ್ನ ಸಾಫ್ಟ್‌ವೇರ್ ಸುಳ್ಳು ಹೇಳಾಕತ್ತೈತಿ," ಎಂದ. "ಕೈ ಸುಳ್ಳು ಹೇಳೂದಿಲ್ಲವ್ವಾ."

ಅವಳು ಕೆಂಪು ಅಂಕಿಯನ್ನು ನೋಡಿದಳು, ಅವನ ಕೈಯನ್ನು ನೋಡಿದಳು, ಕೈಯನ್ನು ನಂಬಿದಳು. ಅವತ್ತು ಅವನಿಗೆ ಮೂರು ದಿನಕ್ಕಾಗುವಷ್ಟು ಸಮಾಧಾನವಾಗಿತ್ತು. ಇವತ್ತು ಅವಳು ಮೇಜಿನ ಕೆಳಗೆ ಬಗ್ಗಿ ಒಂದೊಂದೇ ವೈರು ಬಿಡಿಸತೊಡಗಿದಳು. ಇಡೀ ಡಬ್ಬಿಯನ್ನೇ ಒಯ್ಯಿರಿ, ಸಂಜಣ್ಣ ನೋಡಲಿ ಎಂದಳು. ಇಷ್ಟು ದಿನ ಸಂಜು ಎನ್ನುತ್ತಿದ್ದವಳ ಬಾಯಲ್ಲಿ ಅಣ್ಣ ಬಂದದ್ದನ್ನು ನಾಸಿರ ಗಮನಿಸಿದ. ಬೇಡ ಎನ್ನಲು ಅವನಲ್ಲಿ ಒಂದೇ ಒಂದು ನೆಪವೂ ಉಳಿದಿರಲಿಲ್ಲ.

ಬಸ್ಸಿನಲ್ಲಿ ಚಾದರ ಸುತ್ತಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಒತ್ತಿಕೊಂಡು ಕೂತ. ಕೆಳಗಿಡಿ ಎಂದು ಕಂಡಕ್ಟರ್ ಎರಡು ಸಲ ಹೇಳಿದ, ಇವನು ಕೇಳಿಸದವನ ಹಾಗೆ ಹೊರಗೆ ಹೆಸರುಕಾಳಿನ ಹೊಲ ನೋಡಿದ. ಪಕ್ಕದ ಮುದುಕ, ಟೀವಿಯೇನು ಎಂದು ಕೇಳಿದ. ಕಂಪ್ಯೂಟರ್ ಎಂದ. ಕೆಟ್ಟಿದೆಯೇನು ಎಂದು ಕೇಳಿದ್ದಕ್ಕೆ ಇಲ್ಲ ಎಂದ. ಯಾಕೆ ಇಲ್ಲ ಎಂದೆ, ಈ ಮುದುಕ ಯಾರು, ಇವನ ಮುಂದೆಯೂ ಸುಳ್ಳೇ? ಬಾಯಿಗೆ ಅಷ್ಟು ರೂಢಿಯಾಗಿಬಿಟ್ಟಿದೆ. ಅವತ್ತೂ ಹೀಗೆಯೇ ಕೇಳುವ ಮೊದಲೇ ಬಾಯಿ ಮುಂದಾಗಿತ್ತು; ಮನೋಳಿಯಲ್ಲಿ, ಮಲಪ್ರಭೆಯ ದಂಡೆಯ ಮೇಲೆ, ಎಂಟು ಹತ್ತು ಜನ ಸುತ್ತ ನಿಂತಿರುವಾಗ, ಪಂಪಿನ ಪಕ್ಕದಲ್ಲಿ ಬಿದ್ದಿದ್ದ ಒಂದು ಚಪ್ಪಲಿಯನ್ನು ನೋಡಿದವನೇ, "ಅರ್ಥಿಂಗ್ ಇಲ್ಲಲ್ಲರಿ ನಿಮ್ಮದು" ಎಂದಿದ್ದ. ಹೌದಲ್ಲ, ಅರ್ಥಿಂಗ್ ಇಲ್ಲ ಎಂದು ಎಲ್ಲರೂ ಅಂದರು. ನಿಜವಾಗಿಯೂ ಇರಲಿಲ್ಲ, ಮೈಗೆ ಬಂದ ಕರೆಂಟನ್ನು ನೆಲಕ್ಕಿಳಿಸುವ ತಂತಿಯನ್ನೇ ಹಾಕಿರಲಿಲ್ಲ. ಅದು ನಿಜವಾಗಿದ್ದದ್ದೇ ಅವನನ್ನು ಏಳು ವರ್ಷ ಕಾಯ್ದದ್ದು.

ಡಬ್ಬಿಯ ಮೂಲೆ ತೊಡೆಗೆ ಒತ್ತುತ್ತಿತ್ತು, ಅವನು ಸರಿಸಲಿಲ್ಲ. ಏಳು ವರ್ಷದ ಹಿಂದಿನ ರಂಜಾನ್. ಬಾಯಿ ಒಣಗಿ, ಉಗುಳು ಸಹ ನುಂಗದೆ ಕೂತು, ಮನೋಳಿಯ ರೈತ ಮಲಕಾಜಪ್ಪನ ಮೋಟರು ಸುತ್ತುತ್ತಿದ್ದ. ಮಲಕಾಜಪ್ಪ ಟಂಟಂ ಗಾಡಿ ತಂದು ಹೊರಗೆ ನಿಂತಿದ್ದ, ಬದನೆ ಸಸಿ ಬಾಡುತ್ತಿವೆ ಎಂದು ಅರ್ಧ ತಾಸಿಗೊಮ್ಮೆ ಒಳಗೆ ಇಣುಕುತ್ತಿದ್ದ. ಮೋಟರಿನ ಕಬ್ಬಿಣದಲ್ಲಿ ಮೂವತ್ತಾರು ಸೀಳು ಇರುತ್ತವೆ. ಪ್ರತಿ ಸೀಳಿನಲ್ಲೂ ಮೊದಲು ದಪ್ಪ ಕಾಗದ ಇಡಬೇಕು, ಆಮೇಲೆ ತಂತಿ. ತಾಮ್ರ ಕಬ್ಬಿಣಕ್ಕೆ ಬರಿಮೈಯಲ್ಲಿ ತಾಗಬಾರದು, ನಡುವೆ ಏನಾದರೂ ಇರಲೇಬೇಕು ಎಂದು ಅವನಪ್ಪ ಇಸ್ಮಾಯಿಲಸಾಬ ಹನ್ನೆರಡನೆಯ ವಯಸ್ಸಿಗೇ ತಲೆಗೆ ಕುಟ್ಟಿ ಕುಟ್ಟಿ ಕಲಿಸಿದ್ದ. ಮೂವತ್ತೈದನೆಯ ಸೀಳಿನ ತನಕ ಅವನಿಗೆ ನೆನಪಿದೆ. ಮೂವತ್ತಾರನೆಯದಕ್ಕೆ ಕತ್ತರಿಸಿಟ್ಟ ಕಾಗದ ಮುಗಿದಿತ್ತು, ಹೊಸ ಸುರುಳಿ ಒಳಗಿನ ಕಪಾಟಿನಲ್ಲಿತ್ತು, ಇಫ್ತಾರಿಗೆ ಸ್ವಲ್ಪವೇ ಹೊತ್ತಿತ್ತು. ಎದ್ದು ತಂದೆನೇ? ತಂದು ಹಾಕಿದೆನೇ? ಏಳು ವರ್ಷ ಅವನು ಆ ಜಾಗಕ್ಕೆ ಹೋಗಿ ನಿಂತು ನೋಡಿದ್ದಾನೆ, ಅಲ್ಲಿ ಏನೂ ಕಾಣುವುದಿಲ್ಲ. ಕಡೆಗೆ ಬಲ್ಬು ಹಚ್ಚಿ ನೋಡಬೇಕು, ಒಂದು ತುದಿ ತಂತಿಗೆ, ಇನ್ನೊಂದು ಮೈಗೆ. ಬಲ್ಬು ಹತ್ತಿದರೆ ಮೋಟರಿನ ಮೈಗೆ ಕರೆಂಟು ಬರುತ್ತಿದೆ ಎಂದರ್ಥ. ಅವತ್ತು ಕರೆಂಟೇ ಇರಲಿಲ್ಲ. ಒಯ್ಯಿರಿ, ಏನೂ ಆಗುವುದಿಲ್ಲ ಎಂದು ಅವನೇ ಗಾಡಿಗೆ ಎತ್ತಿಕೊಟ್ಟಿದ್ದ. ಮೂರನೆಯ ದಿನ ಒದ್ದೆ ಕೈಯಿಂದ ಪಂಪು ಮುಟ್ಟಿದ ಮಲಕಾಜಪ್ಪನಿಗೆ ಬಲಗೈಯ ಮೂರು ಬೆರಳು ಹೋದವು. ಸುಟ್ಟ ಬೆರಳನ್ನು ದವಾಖಾನೆಯಲ್ಲಿ ಕತ್ತರಿಸಿದರಂತೆ, ಇವನು ನೋಡಲು ಹೋಗಲಿಲ್ಲ. ಆ ಮೋಟರು ಮತ್ತೆ ಇವನ ಅಂಗಡಿಗೆ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಇವನು ವಿಚಾರಿಸಲೂ ಇಲ್ಲ. ಬೈಲಹೊಂಗಲ ಬಂತು ಎಂದು ಮುದುಕ ಭುಜ ತಟ್ಟಿದ.

ಸಂಜುವಿನ ಅಂಗಡಿಯಲ್ಲಿ ಸಾಲಿಯ ಮಾಸ್ತರರೊಬ್ಬರು ಪ್ರಿಂಟರಿಗೆ ಕಾಯುತ್ತಿದ್ದರು, ಇನ್ನೊಬ್ಬ ಮೊಬೈಲು ತೋರಿಸುತ್ತ ನಿಂತಿದ್ದ. ನಾಸಿರ ಬಾಗಿಲಲ್ಲಿ ಕಂಡ ಕೂಡಲೇ ಸಂಜುವಿನ ಮುಖ ಒಂದು ಗಳಿಗೆ ಬಿಗಿದುಕೊಂಡಿತು. ಹುಡುಗ ತನಗೆ ಹೆದರಿದ್ದಾನೆ. ಕಳ್ಳನಲ್ಲದಿದ್ದರೆ ಯಾಕೆ ಹೆದರಬೇಕು ಎಂದು ಅಂದುಕೊಳ್ಳಲು ನೋಡಿದ ನಾಸಿರ. ಆದರೆ ಜನರ ಮುಂದೆ ಒಮ್ಮೆ ಬೈಸಿಕೊಂಡವನು ಇನ್ನೊಮ್ಮೆ ಬೈಸಿಕೊಳ್ಳಲಿಕ್ಕೆ ಹೆದರುವುದು ಬೇರೆ ಎಂದು ಅವನಿಗೂ ಗೊತ್ತಿತ್ತು. ಬನ್ನಿ ಚಾಚಾ ಎಂದು ಸಂಜು ಡಬ್ಬಿ ಇಸಿದುಕೊಂಡ, ಚಾದರ ನೀಟಾಗಿ ಮಡಚಿ ಸ್ಟೂಲಿನ ಮೇಲಿಟ್ಟ. ವೈರು ಹಚ್ಚಿ ಚಾಲೂ ಮಾಡಿದ. ಪರದೆಯಲ್ಲಿ ಏನೋ ತೆರೆದು, ಕೆಲಸದ ಭಾರ ಹೊರಿಸಿ, ಒಂದು ಅಂಕಿ ನೋಡುತ್ತ ನಿಂತ. ಎಪ್ಪತ್ತು, ಎಂಬತ್ತೈದು, ತೊಂಬತ್ತಾರು. ಎರಡು ನಿಮಿಷವೂ ಆಗಿರಲಿಲ್ಲ. ಡಬ್ಬಿಯೊಳಗೆ ಕೈಹಾಕಿ ಕೂಲರ್ ಮುಟ್ಟಿದ. ತಣ್ಣಗಿದೆಯಲ್ಲ, ನಾನು ಆಗಲೇ ನೋಡಿದ್ದೇನೆ ಎಂದು ನಾಸಿರ ಅಂದ, ಸ್ವಲ್ಪ ಜೋರಾಗಿಯೇ ಅಂದ, ಮಾಸ್ತರರಿಗೂ ಕೇಳಿಸಲಿ ಎಂದು.

"ಅದಕ್ಕ ಚಾಚಾ," ಎಂದ ಸಂಜು. "ಇದು ತಣ್ಣಗಿರಬಾರದು. ಬಿಸಿ ಇದಕ್ಕ ಬರಬೇಕಾಗಿತ್ತು."

ಅಷ್ಟು ಸಾಕಾಯಿತು. ಸಂಜು ಕೂಲರಿನ ಸ್ಕ್ರೂ ಸಡಿಲಿಸುವಾಗಲೇ ನಾಸಿರ ಕೌಂಟರು ಹಿಡಿದುಕೊಂಡ. ಏಕೆಂದರೆ ಅವನಿಗೆ ನೆನಪಾಯಿತು. ಇದು ಮನೋಳಿಯ ಮೋಟರಿನ ಹಾಗೆ ಬರಿಗತ್ತಲೆಯಲ್ಲ. ಮಾರ್ಚಿನ ಆ ಮಧ್ಯಾಹ್ನ ಬಿಸಿಲಿನ ಸಮೇತ ಕಣ್ಣ ಮುಂದೆ ನಿಂತಿತು. ಕೂಲರನ್ನು ಬುಡಮೇಲು ಹಿಡಿದಿದ್ದ. ಬುಡದಲ್ಲಿ ಹೊಳೆಯುವ ತಾಮ್ರ, ತಾಮ್ರದ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ಕಿನ ಹಾಳೆ, ಅದರ ಮೇಲೆ ಕೆಂಪಕ್ಷರದಲ್ಲಿ ಏನೋ ಇಂಗ್ಲಿಷು. ಉಜ್ಮಾ ಫೋನಿನಲ್ಲಿ ವಿಡಿಯೊ ಹಿಂದಕ್ಕೆ ಓಡಿಸುತ್ತಿದ್ದಳು. ಅವನು ಆ ಹಾಳೆಯ ಮೇಲೆ ಉಗುರಿನಿಂದ ಒಮ್ಮೆ ಎಳೆದು ನೋಡಿದ, ಸುಕ್ಕಿಲ್ಲದೆ ಕೂತಿತ್ತು. ವಾಹ್ ಅಂದುಕೊಂಡ. ಬೆಲೆಬಾಳುವ ಸಾಮಾನು ಎಂದರೆ ಹೀಗಿರಬೇಕು. ಲೋಹಕ್ಕೆ ಲೋಹ ಬರಿಮೈಯಲ್ಲಿ ತಾಗಬಾರದೆಂದು ಕಂಪನಿಯವರೇ ಮೊದಲೇ ಕಾಗದ ಅಂಟಿಸಿ ಕಳಿಸಿದ್ದಾರೆ. ಮರೆತದ್ದಲ್ಲ. ಅವಸರವೂ ಇರಲಿಲ್ಲ. ನೋಡಿ, ಮೆಚ್ಚಿ, ಬಿಸ್ಮಿಲ್ಲಾ ಎಂದು ಹಾಗೆಯೇ ಕೂರಿಸಿದ್ದ. ಬಿಸಿ ಮೇಲೆ ಬಾರದಂತೆ ತನ್ನ ಕೈಯಿಂದಲೇ ಮುಚ್ಚಿ, ನಾಲ್ಕು ತಿಂಗಳು ಅದೇ ಕೈಯ ಹಿಂಬದಿ ತಾಗಿಸಿ ತಣ್ಣಗಿದೆ ಎಂದಿದ್ದ.

ಕೂಲರ್ ಮೇಲೆ ಬಂತು. ಕೂರಿಸುವ ಮೊದಲು ಸುಲಿಯಬೇಕಾಗಿದ್ದ ಹಾಳೆ ಅಲ್ಲಿಯೇ ಇತ್ತು, ನಡುವೆ ಕಂದಿ, ಅಂಚಿನಲ್ಲಿ ಇನ್ನೂ ಹೊಸದಾಗಿ. ಸಂಜು ಅದನ್ನು ನೋಡಿದ, ನಾಸಿರನನ್ನು ನೋಡಲಿಲ್ಲ. ಗಿರಾಕಿಗಳಿಗೆ ಬೆನ್ನು ಮಾಡಿ ನಿಂತು, ಹಾಳೆಯನ್ನು ಮೆಲ್ಲಗೆ ಸುಲಿದು, ಉಂಡೆಮಾಡಿ ಕಾಲಬುಡದ ಬುಟ್ಟಿಗೆ ಹಾಕಿದ. ಏನಾಗಿತ್ತು ಎಂದು ಮಾಸ್ತರರು ಕತ್ತು ಉದ್ದ ಮಾಡಿ ಕೇಳಿದರು. ನಡುವೆ ಹಚ್ಚುವ ಪೇಸ್ಟು ಒಣಗಿತ್ತು ಸರ್, ಈಗಿನ ಪೇಸ್ಟು ಚೆನ್ನಾಗಿ ಬರುವುದಿಲ್ಲ, ನಾನೇ ಕೊಟ್ಟದ್ದು ಎಂದ ಸಂಜು. ಹಾಗಾದರೆ ತಪ್ಪು ನಿನ್ನದೇ ಎಂದು ಮಾಸ್ತರರು ನಕ್ಕರು. ಹೌದು ಸರ್ ಎಂದು ಅವನೂ ನಕ್ಕ. ನಾಸಿರ ಬಾಯಿ ತೆರೆಯಬಹುದಾಗಿತ್ತು. ಒಂದೇ ಮಾತು, ಅದಕ್ಕೆ ಒಂದು ಉಸಿರು ಸಾಕು. ಎರಡು ವಾರದ ಹಿಂದೆ ಇದೇ ಜಾಗದಲ್ಲಿ ಕಳ್ಳ ಎನ್ನಲಿಕ್ಕೆ ಅಷ್ಟು ಹೊತ್ತೂ ಬೇಕಾಗಿರಲಿಲ್ಲ. ಈ ಹುಡುಗ ತನ್ನ ಮಾನ ಮುಚ್ಚುತ್ತಿದ್ದಾನೆ, ತಾನು ಮುಚ್ಚಿಸಿಕೊಂಡು ನಿಂತಿದ್ದೇನೆ ಎಂದು ನಾಚಿಕೆಯಿಂದ ಕಿವಿ ಕಾದವು. ಸ್ಟೂಲಿನ ಮೇಲಿನ ಚಾದರವನ್ನು ಬಿಚ್ಚಿ ಮತ್ತೆ ಮಡಚಿದ. ಹೊಸ ಪೇಸ್ಟು ಹಚ್ಚಿ, ಕೂಲರ್ ಬಿಗಿದು, ಅರ್ಧ ತಾಸು ಭಾರ ಹೊರಿಸಿ ಪರೀಕ್ಷೆ ಮಾಡಿದ ಸಂಜು. ಅಂಕಿ ಅರವತ್ತಾರರಲ್ಲಿ ನಿಂತಿತು. ಒಮ್ಮೆ ಮುಟ್ಟಿ ನೋಡಿ ಚಾಚಾ ಎಂದ. ನಾಸಿರ ಮುಟ್ಟಿದ, ಬಿಸಿಯಿತ್ತು, ಆಗಷ್ಟೇ ಇಳಿಸಿದ ಚಹದ ಪಾತ್ರೆಯಷ್ಟು.

ಮಧ್ಯಾಹ್ನ ಮೂರಕ್ಕೆಲ್ಲ ಉಜ್ಮಾ ಮತ್ತೆ ಕುರ್ಚಿಯಲ್ಲಿದ್ದಳು. ಅವಳು ಏನಾಗಿತ್ತು ಎಂದು ಕೇಳಿದ್ದಕ್ಕೆ ಪೇಸ್ಟು ಒಣಗಿತ್ತಂತೆ ಎಂದಿದ್ದ. ಸಂಜುವಿನ ಸುಳ್ಳನ್ನೇ, ಅವನದೇ ಮಾತಿನಲ್ಲಿ, ಬಸ್ಸಿನಲ್ಲಿ ತಪ್ಪದ ಹಾಗೆ ನೆನಪಿಟ್ಟುಕೊಂಡು ಬಂದಿದ್ದ. ಅರವತ್ತೆಂಟು ದಾಟಿತು. ಎಪ್ಪತ್ತು ದಾಟಿತು. ಆ ಮನೆಯ ಕಿಟಕಿಗಳು ಮೂಡಿದವು, ಮಾಳಿಗೆ ಮೂಡಿತು, ಬಾಗಿಲಲ್ಲಿ ಬಿದ್ದ ಬಿಸಿಲೂ ಮೂಡಿತು. ನೂರು ಎಂದು ಬಂದಾಗ ತಬಸ್ಸುಮ್ ಒಳಗಿನಿಂದ ಓಡಿಬಂದು ನೋಡಿದಳು. ಉಜ್ಮಾ ಚಿತ್ರವನ್ನು ಆಗಲೇ ಬೆಳಗಾವಿಗೆ ಕಳಿಸಿ, ಕುರ್ಚಿಯಲ್ಲೇ ಹಿಂದಕ್ಕೆ ವಾಲಿ, ನಾನು ಅನ್ನುತ್ತಲೇ ಇದ್ದೆ, ಅಬ್ಬಾನ ಕೈಯಲ್ಲಿ ತಪ್ಪಾಗುವುದಿಲ್ಲ, ಎಲ್ಲ ಆ ಅಂಗಡಿಯವನದೇ ಎಂದಳು. ಈ ಮಾತಿಗಾಗಿ ನಾಲ್ಕು ತಿಂಗಳು ಕಾದಿದ್ದ. ಬಂದಾಗ ಅದು ಬೇಡವಾಗಿತ್ತು.

ಇಲ್ಲ, ತಪ್ಪು ನನ್ನದು ಎಂದ. ಹಾಳೆಯ ಸಂಗತಿ ಹೇಳಿದ. ಉಗುರಿನಿಂದ ಎಳೆದು ನೋಡಿದ್ದು, ಮೆಚ್ಚಿದ್ದು, ಸಂಜು ಜನರ ಮುಂದೆ ತನ್ನ ಮೇಲೆ ಹಾಕಿಕೊಂಡದ್ದು, ಎಲ್ಲ. ಉಜ್ಮಾ ಕಣ್ಣರಳಿಸಿ ಕೇಳಿದಳು, ಆಮೇಲೆ ನಕ್ಕುಬಿಟ್ಟಳು. ಮನಸ್ಸು ಬಿಚ್ಚಿ, ಪ್ರೀತಿಯಿಂದ ನಕ್ಕಳು.

"ಅಯ್ಯ, ಇಷ್ಟಾ ಅಬ್ಬಾ? ಇದನ್ನ ಎಲ್ಲಾರೂ ಮಾಡತಾರ. ಅದರ ಮ್ಯಾಲೆ ನಗಿ ವಿಡಿಯೊನ ಅದಾವು."

ಸಂಜಣ್ಣನಿಗೆ ತಾನೇ ಫೋನು ಮಾಡುತ್ತೇನೆ ಎಂದಳು, ಓಣಿಯವರಿಗೆ ನೀವೇ ಹೇಳಬೇಕು ಮತ್ತೆ ಎಂದು ಬೆರಳು ತೋರಿಸಿ ಗದರಿದಳು. ತಬಸ್ಸುಮ್ ಕೂಡ ನಕ್ಕಳು. ಮುಗಿಯಿತು. ಅಷ್ಟು ಹೆದರಿದ್ದು ಇಷ್ಟರಲ್ಲಿ ಮುಗಿದೇಹೋಯಿತು, ಆಕಾಶವೇನೂ ಕೆಳಗೆ ಬೀಳಲಿಲ್ಲ. ಆದರೆ ನಾಸಿರ ಅಂಗಳಕ್ಕೆ ಬಂದು ನಲ್ಲಿಯ ಕೆಳಗೆ ಕೈ ಹಿಡಿದು ಸುಮ್ಮನೆ ನಿಂತ, ನೀರು ಹರಿಯುತ್ತಲೇ ಇತ್ತು. ಇಪ್ಪತ್ತಾರು ವರ್ಷದಲ್ಲಿ ಈ ಕೈ ಒಂದೇ ಒಂದು ತಪ್ಪನ್ನೂ ಮಾಡಿಲ್ಲ ಎಂಬುದು ಇದ್ದಷ್ಟು ದಿನ ಮನೋಳಿಯದೂ ತಪ್ಪಾಗಿರಲಿಲ್ಲ. ಈ ಕೈ ತಪ್ಪು ಮಾಡುವುದಿಲ್ಲ, ಹಾಗಾಗಿ ಕಾಗದ ಹಾಕಿರಲೇಬೇಕು, ನೆನಪಿಲ್ಲದಿದ್ದರೇನು. ಆ ಲೆಕ್ಕದ ಮೇಲೆ ಅವನು ಉಂಡಿದ್ದ, ನಮಾಜು ಮಾಡಿದ್ದ, ಮಗಳನ್ನು ಓದಿಸಿದ್ದ. ಈಗ ಅದು ಬುಡದಿಂದಲೇ ಕಿತ್ತು ಬಂದಿತ್ತು. ಅಷ್ಟು ಬಿಡುವಾಗಿ ಕೂತು, ಕಣ್ಣಿಂದ ನೋಡಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಪ್ಪು ಮಾಡಿದ ಕೈ, ಉಪವಾಸದಲ್ಲಿ, ಅವಸರದಲ್ಲಿ, ಕಾಗದ ಮುಗಿದಾಗ ಏನು ಮಾಡಿರಬಹುದು? ಯಾರಾದರೂ ನೀರು ಹಾಳಾಗುತ್ತಿದೆ ಎಂದು ಒಳಗಿನಿಂದ ಕೂಗುವ ಮೊದಲೇ ನಲ್ಲಿ ಬಂದ್ ಮಾಡಿದ.

ಶುಕ್ರವಾರ ಬೆಳಿಗ್ಗೆ, ನಮಾಜಿಗೆ ಇನ್ನೂ ಬಹಳ ಹೊತ್ತಿರುವಾಗ, ಸಾಮಾನು ತರುವುದಿದೆ ಎಂದು ತಬಸ್ಸುಮ್‌ಗೆ ಹೇಳಿ ಗಾಡಿ ತೆಗೆದ. ಮನೋಳಿಯ ರಸ್ತೆಗೆ ತಿರುಗುವ ಕಡೆ ಪಂಕ್ಚರ್ ತೆಗೆಯುವವನು ಕೈಯೆತ್ತಿ ಸಲಾಂ ಮಾಡಿದ, ಇವನಿಗೆ ಅವನು ಎಲ್ಲ ಗೊತ್ತಿದ್ದೇ ನೋಡುತ್ತಿದ್ದಾನೆ ಎನಿಸಿತು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಮೊದಲು ಕ್ಷೇಮ ಕೇಳುವುದೋ, ನೇರ ಕಾಲಿಗೆ ಬೀಳುವುದೋ. ಬೈದರೆ ಬೈಸಿಕೊಳ್ಳುವುದು. ಹೊಡೆದರೆ ಹೊಡೆಸಿಕೊಳ್ಳುವುದು. ಹೊಡೆದರೆ ಒಳ್ಳೆಯದು ಎಂದುಕೊಂಡಾಗ ಒಂದು ಥರದ ಉಮೇದೇ ಬಂತು, ಗಾಡಿಯನ್ನು ಜೋರಾಗಿ ಓಡಿಸಿದ.

ಮಲಕಾಜಪ್ಪ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಶೇಂಗಾ ಒಡೆಯುತ್ತಿದ್ದ. ಬಲಗೈಯಲ್ಲಿ ಉಳಿದಿದ್ದ ಎರಡು ಬೆರಳಿನ ನಡುವೆ ಕಾಯಿ ಸಿಕ್ಕಿಸಿ, ಎಡಗೈಯಿಂದ ಅದುಮಿ, ಚಕಚಕನೆ ಒಡೆಯುತ್ತಿದ್ದ. ಏಳು ವರ್ಷದಲ್ಲಿ ಪಳಗಿದ ಕೈ. ಅವನ ಹೆಂಡತಿ ಸಾವಿತ್ರೆವ್ವ ಇವನನ್ನು ಗುರುತಿಸಿ ಕುಂದರ್ರಿ ಎಂದು ತಂಬಿಗೆ ನೀರು ತಂದಿಟ್ಟಳು. ನಾಸಿರ ಕೂಡಲಿಲ್ಲ.

"ಅಣ್ಣಾರ," ಎಂದ. "ಆವತ್ತ ಅರ್ಥಿಂಗ್ ಇಲ್ಲ ಅಂತ ಹೇಳಿದ್ನಲ್ಲರಿ. ಅದು ಖರೇನ ಇತ್ತು. ಆದ್ರ ನಾ ಬಲ್ಬ್ ಹಚ್ಚಿ ನೋಡಿರಲಿಲ್ಲ. ಕಡೀ ಸೀಳಿಗೆ ಕಾಗದ ಹಾಕೀನೋ ಇಲ್ಲೋ, ಅದೂ ನನಗ ನೆನಪಿಲ್ಲರಿ."

ಮಲಕಾಜಪ್ಪನ ಕೈ ನಿಲ್ಲಲಿಲ್ಲ.

"ಹಾಕಿರಲಿಲ್ಲ," ಎಂದ.

ಸಾವಿತ್ರೆವ್ವ ಬಾಗಿಲಿಗೆ ಒರಗಿ ನಿಂತು ಹೇಳಿದಳು. ಅವಳ ತವರು ರಾಮದುರ್ಗ. ದವಾಖಾನೆಯಿಂದ ಬಂದ ತಿಂಗಳಿಗೆ ಅವಳ ತಮ್ಮ ಮೋಟರನ್ನು ಅಲ್ಲಿಗೆ ಒಯ್ದು ಬಿಚ್ಚಿಸಿದ್ದ. ಅಲ್ಲಿಯ ಮೇಸ್ತ್ರಿ ಮೂವತ್ತೈದು ಕಾಗದ ತೆಗೆದು ಎಣಿಸಿ ತೋರಿಸಿದನಂತೆ. ಊರಲ್ಲಿ ಪಂಚಾಯತಿ ಸೇರಿಸೋಣ ಎಂದು ತಮ್ಮ ಕುಣಿದಾಡಿದ. ಗಂಡ ಬೇಡವೆಂದ. ಇದನ್ನೆಲ್ಲ ಅವಳು ಯಾರದೋ ಮನೆಯ ಸುದ್ದಿಯ ಹಾಗೆ, ದೂರಿಲ್ಲದೆ ಹೇಳಿದಳು. ನಾಸಿರನಿಗೆ ತಂಬಿಗೆ, ಮೊರ, ಅವಳ ಕಾಲುಂಗುರ ಎಲ್ಲ ತೀರ ಸ್ಪಷ್ಟವಾಗಿ ಕಾಣುತ್ತಿದ್ದವು, ಅವರ ಮುಖ ಮಾತ್ರ ನೋಡಲಾಗಲಿಲ್ಲ.

"ನೀನ ಬಂದು ಹೇಳತಿ ಅಂತ ಎರಡು ವರ್ಷ ಹಾದಿ ನೋಡೀನಿ," ಎಂದ ಮಲಕಾಜಪ್ಪ. "ಓಣ್ಯಾಗ ಗಾಡಿ ಸಪ್ಪಳ ಆದ್ರ ಸಾಬ ಬಂದ ನೋಡ ಅಂತಿದ್ದೆ ಇಕಿಗೆ. ಆಮ್ಯಾಲ ಬಿಟ್ಟೆ."

ಬೈಗುಳಕ್ಕೆ, ಏಟಿಗೆ ಸಿದ್ಧನಾಗಿ ಬಂದವನಿಗೆ ಇದಕ್ಕೆ ಎಲ್ಲಿ ಕೈ ಅಡ್ಡ ಹಿಡಿಯಬೇಕೋ ತಿಳಿಯಲಿಲ್ಲ. ಮಲಕಾಜಪ್ಪ ಮೊದಲ ಸಲ ತಲೆ ಎತ್ತಿ ಅವನನ್ನು ಸರಿಯಾಗಿ ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಕುತೂಹಲವಷ್ಟೇ ಇತ್ತು.

"ಈಗ ಯಾಕ ಬಂದಿ?"

ನಾಸಿರ ದೊಡ್ಡದೊಂದು ಕಾರಣಕ್ಕೆ ತಡಕಾಡಿದ. ಅಲ್ಲಾಹನ ಹೆದರಿಕೆ ಎನ್ನಬಹುದು, ನಿದ್ದೆ ಬರುವುದಿಲ್ಲ ಎನ್ನಬಹುದು; ಯಾವುದೂ ನಿಜವಲ್ಲ, ಏಳು ವರ್ಷ ಚೆನ್ನಾಗಿಯೇ ನಿದ್ದೆ ಮಾಡಿದ್ದ.

"ಮನ್ಯಾಗ ಕಂಪ್ಯೂಟರ್ ಕೆಟ್ಟಿತ್ತರಿ," ಎಂದ.

ಸಾವಿತ್ರೆವ್ವ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

"ರಿಪೇರಿ ಆತೇನು?" ಎಂದು ಕೇಳಿದ ಮಲಕಾಜಪ್ಪ.

"ಆತ್ರಿ."

"ಛಲೋ ಆತು," ಎಂದು ಅವನು ಮೊರದಿಂದ ಇನ್ನೊಂದು ಕಾಯಿ ತೆಗೆದು ಎರಡು ಬೆರಳಿನ ನಡುವೆ ಸಿಕ್ಕಿಸಿಕೊಂಡ. ನಾಸಿರ ನಿಂತೇ ಇದ್ದ. ಕೂಡು ಎಂದು ಮತ್ತೆ ಯಾರೂ ಹೇಳಲಿಲ್ಲ.